ಕಕ್ಷಿದಾರಳ ಅಪ್ಪಣೆ

ಬಂಡೂರಿನ ಶಿವನಂಜಮ್ಮ ತಂದು ಹಾಕಿದ ಗುಲಾಬಿ ಹಾರವನ್ನು ಗೋದಾ ಗಂಡನ ಎದೆಯ ಮೇಲಿಂದ ಎತ್ತಿ ಕಾಲಬುಡಕ್ಕೆ ಸರಿಸಿದಳು. ಮದ್ದೂರಿನ ವಕೀಲ ಸಂಪತ್ ಕುಮಾರ ಬೆಳಗಿನ ಜಾವ ತೀರಿಕೊಂಡಿದ್ದ. ಹಜಾರದ ತುಂಬ ಜನ. ಅಂಥದ್ದರಲ್ಲೂ ಗೋದಾಳ ಕಣ್ಣು ಗೋಡೆಗೊರಗಿ ಅಳುತ್ತಿದ್ದ ಆ ಬಂಡೂರಿನ ಹೆಂಗಸಿನ ಮೇಲೇ ಇತ್ತು. ತನಗೇ ಬಾರದ ಅಳು ಇವಳಿಗೆಲ್ಲಿಂದ ಬಂತು ಎಂದು ಹೊಟ್ಟೆ ಉರಿಯಿತು.

"ಅಕ್ಕ, ಎಲ್ಲರೂ ನೋಡ್ತಿದ್ದಾರೆ," ಎಂದ ತಮ್ಮ ಕಿಟ್ಟು, ಮೆಲ್ಲಗೆ.

"ನೋಡ್ಲಿ. ಇಷ್ಟು ವರ್ಷ ನಾನು ನೋಡಿಲ್ವಾ?"

*

ಜಮೀನಿನ ವ್ಯಾಜ್ಯಕ್ಕೆಂದು ಮೊದಲು ಬಂದಾಗ ಶಿವನಂಜಮ್ಮ ಗಂಡ ಸತ್ತ ಹರೆಯದವಳು. ವ್ಯಾಜ್ಯ ತೀರಿದರೂ ಅವಳು ಬರುವುದು ತೀರಲಿಲ್ಲ. ಬಂದಾಗಲೆಲ್ಲ ಸಂಪತ್ ಕುಮಾರ ಆಫೀಸು ಕೋಣೆಯ ಬಾಗಿಲು ಮುಂದೆ ಮಾಡುವನು. ಕಾಫಿಯನ್ನೂ ಹೊಸ್ತಿಲಲ್ಲೇ ಇಸಿದುಕೊಳ್ಳುವನು. ಗೋದಾ ಅವಳ ಲೋಟಕ್ಕೆ ಸಕ್ಕರೆ ಹಾಕುವುದನ್ನೇ ಬಿಟ್ಟಳು. ಅದಕ್ಕೂ ಆ ಹೆಂಗಸು ತುಟಿಪಿಟಕ್ಕೆನ್ನಲಿಲ್ಲ.

ಒಂದು ದಿನ ಬಡಿಸುತ್ತಾ ಗೋದಾ ಅವಳ ವಿಷಯ ಕೇಳಿಯೇಬಿಟ್ಟಳು. ಕಕ್ಷಿದಾರರ ಮಾತನ್ನು ಆಚೆ ಹೇಳುವ ಹಾಗಿಲ್ಲ ಎಂದ ಗಂಡ. ಹೆಂಡತಿಗೂ ಹೇಳಬಾರದೇ ಎಂದದ್ದಕ್ಕೆ ಎಲೆಯಿಂದ ಮುಖವೆತ್ತದೆ, "ಅವಳು ಹೇಳ್ಕೊಂಡಿರೋದು ವಕೀಲನ ಹತ್ರ ಗೋದಾ, ನಿನ್ನ ಗಂಡನ ಹತ್ರ ಅಲ್ಲ," ಎಂದ. ಊರಿನ ಗುಟ್ಟೆಲ್ಲ ನುಂಗಿಕೊಂಡ ಆ ಬಾಯಿ ಮನೆಯಲ್ಲಿ ತೆರೆಯುತ್ತಿದ್ದುದು ತುತ್ತಿಗೆ ಮಾತ್ರ. ಆವತ್ತು ಗೋದಾ ಮಜ್ಜಿಗೆ ಬಡಿಸದೆ ಎದ್ದುಹೋದಳು.

*

ಈಗ ಗೋದಾ ಶಿವನಂಜಮ್ಮನನ್ನು ಅಡುಗೆಮನೆಗೆ ಕರೆದಳು. ಸುತ್ತಿ ಬಳಸಿ ಕೇಳುವ ತಾಳ್ಮೆ ಇರಲಿಲ್ಲ.

"ನಿನಗೂ ಅವರಿಗೂ ಏನಿತ್ತು?"

ಶಿವನಂಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನೀವಂದ್ಕಂಡಂಗೆ ಏನೂ ಇರ್ನಿಲ್ಲ ಅಮ್ಮಾವ್ರೆ. ನಂದೊಂದು ಮಾತಿತ್ತು. ಅವರೊಬ್ರಿಗೇ ಗೊತ್ತಿತ್ತು. ತಡೀನಾರ್ದಾಗ ಬಂದು ಅದನ್ನೇ ಏಳ್ಕಂಡು ಓಯ್ತಿದ್ದೆ."

"ಅವರು ಅದನ್ನ ನನಗೆ ಹೇಳಿದ್ರೆ ಏನಾಗ್ತಿತ್ತು?"

"ನನ್ನ ಕೇಳುದ್ರು. 'ನಮ್ಮನೆಯವಳು ಕೊರಗ್ತಾಳೆ, ಅವಳಿಗೊಬ್ಬಳಿಗೆ ಹೇಳ್ಲಾ? ನೀನು ಒಪ್ಪದೆ ಹೇಳೋ ಹಂಗಿಲ್ಲ ತಾಯಿ' ಅಂತ ಕೈ ಮುಗುದ್ರು. ನಾನೇ ಬ್ಯಾಡ ಅಂದ್ಬುಟ್ಟೆ."

ಆ ಮುಚ್ಚಿದ ಕೋಣೆಯಲ್ಲಿ ಗಂಡ ತನಗಾಗಿ ಕೈ ಮುಗಿದಿದ್ದನೆಂಬುದು ಗೋದಾಳ ತಲೆಗೆ ಹತ್ತಲು ಹೊತ್ತು ಹಿಡಿಯಿತು. "ಯಾಕೆ ಬೇಡ ಅಂದೆ?"

"ಒಟ್ಟೆ ಉರಿ ಕಣಮ್ಮ. ಮನೆ, ಮಕ್ಳು, ಅವರು, ಎಲ್ಲ ನಿಮ್ದೇಯ. ಅವರ್ತಾವ ನಂದು ಅಂತ ಇದ್ದುದ್ದು ಅದೊಂದು ಮಾತು. ಅದ್ನೂ ನಿಮ್ಗೆ ಕೊಡಕ್ಕೆ ಮನಸ್ ಬರ್ನಿಲ್ಲ."

ಗೋದಾ ಒಲೆಯ ಕಟ್ಟೆ ಹಿಡಿದು ನಿಂತಳು. ಇನ್ನೊಬ್ಬಳ ಬಾಯಲ್ಲಿ ಕೇಳಿದ್ದು ತನ್ನದೇ ಉರಿ. ಇವಳೊಂದು ಹೂಂ ಅಂದಿದ್ದರೆ ಆ ಮನುಷ್ಯನ ಜೊತೆ ಇನ್ನೊಂದು ಥರ ಬದುಕಬಹುದಿತ್ತು ಎನಿಸಿ ಸಂಕಟವಾಯಿತು.

"ಈಗ ಏಳ್ಲಾ ಆ ಮಾತ?" ಎಂದು ಕೇಳಿದಳು ಶಿವನಂಜಮ್ಮ. "ಮಡಿಕಂಡಿದ್ದೋರೇ ಓದ್ರು."

ಅಷ್ಟರಲ್ಲಿ ಕಿಟ್ಟು ಹಜಾರದಿಂದ ಕೂಗಿದ. "ಅಕ್ಕ, ಭಾವನ ಬಾಯಿಗೆ ಅಕ್ಕಿ ಹಾಕ್ಬೇಕು. ಎಲ್ಲರದೂ ಆಯ್ತು, ನಿನಗೇ ಕಾಯ್ತಿದ್ದಾರೆ."

ಬಂದೆ ಎಂದಳು ಗೋದಾ. ಎಂದವಳು ಅಲ್ಲೇ ನೆಲಕ್ಕೆ ಕೂತು, ಶಿವನಂಜಮ್ಮನನ್ನು ಪಕ್ಕಕ್ಕೆ ಎಳೆದುಕೊಂಡು, ತನ್ನ ಕಿವಿಯ ಮೇಲೆ ಇಳಿಬಿದ್ದಿದ್ದ ನರೆಗೂದಲನ್ನು ಹಿಂದಕ್ಕೆ ಸರಿಸಿದಳು.