ಬ್ರಾಂಡಿ ಸವರ್‌ಗೆ ಒಡೆದ ಮೊಟ್ಟೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದ. ಇರಲಿ, ಅಷ್ಟಾದರೂ ಇದೆಯಲ್ಲ. ಜ್ವರ ಬಂದು ಹೋದಮೇಲೆ ಅವನ ಮೂಗಿನಲ್ಲಿ ಏನೂ ಉಳಿದಿರಲಿಲ್ಲ. ಇದನ್ನು ಅವನು ಬಾಯಿಬಿಟ್ಟು ಹೇಳಿದವನಲ್ಲ. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ನಾರುತ್ತಿದ್ದರೂ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ, ಆಗಲೇ ನನಗೆ ಅನುಮಾನ ಬಂತು. ಕೇಳಿದರೆ, "ನೆಗಡಿ ಕಣೇ, ತಲೆ ತಿನ್ಬೇಡ" ಎಂದ. ಅತ್ತಿಗೆಗೂ ಅದೇ ನೆಗಡಿಯ ಕತೆ ಹೇಳಿದ್ದ.

ಅಣ್ಣ ಬಾರಿನ ಕೌಂಟರಿನ ಹಿಂದೆ ನಿಂತು ಡ್ರಿಂಕ್ ಬೆರೆಸುವವನು. ಮೀಸೆ ಚಿಗುರಿದಾಗಿನಿಂದ ಅದೇ ಕೆಲಸ, ಬೇರೆ ಯಾವುದಕ್ಕೂ ಕೈ ಹಾಕಿದವನಲ್ಲ. ಅವನ ಪಕ್ಕದಲ್ಲಿ ಐಸ್ ಒಡೆಯುತ್ತಾ, ಲೋಟ ತೊಳೆಯುತ್ತಾ, ಅವನಿಂದ ಬೈಸಿಕೊಳ್ಳುತ್ತಾ ನಾನೂ ಕೆಲಸ ಕಲಿತೆ. ಮೂಗು ಹೋದರೂ ಅವನಿಗೆ ಅಳತೆಗಳೆಲ್ಲ ಬಾಯಿಪಾಠವಿದ್ದುದರಿಂದ ಗಿರಾಕಿಗಳಿಗೆ ಏನೂ ಗೊತ್ತಾಗಲಿಲ್ಲ. ಹೀಗೇ ಹೇಗೋ ತಳ್ಳುತ್ತಿದ್ದ. ಅಷ್ಟರಲ್ಲಿ ಹಳೆಯ ಯಜಮಾನರು ಬಾರನ್ನು ಮಾರಿಬಿಟ್ಟರು.

ಕೊಂಡವರು ಮಧ್ಯಾಹ್ನ, ಇನ್ನೂ ಬಾಗಿಲು ತೆಗೆಯುವ ಮೊದಲೇ ಬಂದರು. ಬಿಳಿ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡ ಹೆಂಗಸು, ಮಾತು ಕಡಿಮೆ. ಎತ್ತರದ ಸ್ಟೂಲಿನ ಮೇಲೆ ಕೂತು ಅಣ್ಣನಿಗೆ ಹೇಳಿದರು: "ನಂಗೊಂದು ಬ್ರಾಂಡಿ ಸವರ್ ಮಾಡಿಕೊಡಿ. ಗಿಡಮೂಲಿಕೆ ಲಿಕ್ಯೂರ್ ಹಾಕಿ, ಹಳೇ ಥರದ್ದು. ಅದನ್ನ ಕುಡಿದ್ಮೇಲೆ ಕೌಂಟರ್ ಯಾರಿಗೆ ಬಿಡೋದು ಅಂತ ಹೇಳ್ತೀನಿ."

ಕೇಳಿ ಕೇಳಿ ಅದನ್ನೇ ಕೇಳಬೇಕಿತ್ತೇ. ಸವರ್ ಅಂದರೆ ನಿಂಬೆಹುಳಿಯ ಡ್ರಿಂಕ್. ಬ್ರಾಂಡಿಗೆ ಅಳತೆ ಸಾಕು. ನಿಂಬೆ ದಿನಕ್ಕೊಂದು ಥರ ಹುಳಿ, ಅದಕ್ಕೆ ನಾಲಿಗೆ ಬೇಕು. ಆ ಹಸಿರು ಲಿಕ್ಯೂರ್, ಗಿಡಮೂಲಿಕೆ ನೆನೆಸಿದ ಸಿಹಿ ಮದ್ಯ, ಒಂದು ಹನಿ ಹೆಚ್ಚಾದರೂ ಕಷಾಯ ಕುಡಿದಂತಾಗುತ್ತದೆ. ಮೇಲೆ ಮೊಟ್ಟೆಯ ಬಿಳಿ ಬೇರೆ. ನಿಂಬೆ ತರುವ ನೆಪದಲ್ಲಿ ಅಣ್ಣನನ್ನು ಸ್ಟೋರ್ ರೂಮಿಗೆ ಎಳೆದುಕೊಂಡು ಹೋದೆ.

"ಹುಷಾರಿಲ್ಲ ಅಂತ ಹೇಳು. ಒಂದ್ ವಾರ ಟೈಮ್ ಕೇಳು."

"ನಿಂಗ್ಯಾಕೆ ಇಲ್ಲದ ಉಸಾಬರಿ? ಕಣ್ಮುಚ್ಕೊಂಡು ಮಾಡ್ತೀನಿ ಅದನ್ನ."

"ಕಣ್ಣಿನ ವಿಷಯ ಅಲ್ಲ ನಾನು ಹೇಳ್ತಿರೋದು."

ಅವನು ನನ್ನನ್ನು ಸುಟ್ಟುಬಿಡುವಂತೆ ನೋಡಿ ಹೊರಗೆ ಹೋದ.

ನಿಜ ಹೇಳಬೇಕೆಂದರೆ ಅವನ ಕೈ ಓಡುವುದನ್ನು ನೋಡಲು ಚಂದ. ಡ್ರಿಂಕ್ ಕುಲುಕುವ ಶೇಕರಿಗೆ ಬ್ರಾಂಡಿ ಸುರಿದ, ನಿಂಬೆ ಹಿಂಡಿದ, ಸಕ್ಕರೆ ಪಾಕ ಬಿಟ್ಟ, ಲಿಕ್ಯೂರನ್ನು ಚಮಚದಲ್ಲಿ ಅಳೆದು ಹಾಕಿದ. ಆಮೇಲೆ ಮೊಟ್ಟೆ. ನಮ್ಮಲ್ಲಿ ಮೊಟ್ಟೆಯನ್ನು ನೇರವಾಗಿ ಶೇಕರಿಗೆ ಒಡೆಯುವುದಿಲ್ಲ. ಸ್ಟೀಲ್ ಬಟ್ಟಲಿಗೆ ಬಿಳಿ ಇಳಿಸಿ, ಮೂಸಿ ನೋಡಿ, ಆಮೇಲೆ ಹಾಕುವುದು. ಮಾಡಿದವನೇ ಮೂಸಬೇಕು. ಇದು ಅಣ್ಣನೇ ಮಾಡಿದ ನಿಯಮ, ಇದನ್ನು ಮರೆತದ್ದಕ್ಕೆ ನಾನು ತಿಂದ ಬೈಗುಳ ಕಡಿಮೆಯಲ್ಲ. ಅವನು ಬಿಳಿಯನ್ನು ಬಟ್ಟಲಿಗೆ ಇಳಿಸಿದ. ಬಟ್ಟಲನ್ನು ಮೂಗಿನ ಹತ್ತಿರ ತಂದ. ಉಸಿರೆಳೆದ. ತಲೆಯಾಡಿಸಿ ಶೇಕರಿಗೆ ಸುರಿದ.

ಖಾಲಿ ಬಟ್ಟಲು ತೊಳೆಯಲೆಂದು ನನ್ನ ಮುಂದೆ ಬಂತು. ಮೊಟ್ಟೆ ಕೊಳೆತಿತ್ತು. ಆದರೆ ನನ್ನನ್ನು ಹಿಂಡಿದ್ದು ಆ ವಾಸನೆಯಲ್ಲ, ಅವನು ತಲೆಯಾಡಿಸಿದ್ದು. ಎಲ್ಲ ಸರಿಯಾಗಿದೆ ಎನ್ನುವಂತೆ, ಅಷ್ಟು ನೆಮ್ಮದಿಯಾಗಿ. ಪಾಪ ಅನ್ನಿಸಿತು. ಅವನು ಮುಚ್ಚಳ ಹಾಕುವ ಮೊದಲೇ ಮೊಣಕೈಯಿಂದ ಶೇಕರನ್ನು ತಳ್ಳಿಬಿಟ್ಟೆ. ಅದು ಸಿಂಕಿನೊಳಗೆ ಉರುಳಿತು. ನಲ್ಲಿಯನ್ನು ಜೋರಾಗಿ ತಿರುಗಿಸಿದೆ.

"ಕೈಗೇನು ಲಕ್ವ ಹೊಡೆದಿದ್ಯಾ ನಿಂಗೆ?" ಅಣ್ಣನ ಮುಖ ಕೆಂಪಾಯಿತು. ಆಮೇಲೆ ಹೊಸ ಯಜಮಾನಿಯ ಕಡೆ ತಿರುಗಿದ. "ತಂಗಿ ಅಂತ ಇಟ್ಕೊಂಡಿದೀನಿ ಮೇಡಂ. ಕೆಲಸ ಏನೂ ತಲೆಗೆ ಹತ್ತಲ್ಲ ಇವಳಿಗೆ."

"ಹಾಗಾದ್ರೆ ಯಾಕೆ ಇಟ್ಕೊಳ್ಳೋದು? ನಾಳೆಯಿಂದ ಬೇಡ," ಎಂದರು ಅವರು, ಹವಾಮಾನದ ಮಾತಾಡಿದ ಹಾಗೆ.

ಅಣ್ಣ, "ನಿಮ್ಮಿಷ್ಟ" ಎಂದ.

ನಿಮ್ಮಿಷ್ಟವಂತೆ. ಮೈಯೆಲ್ಲ ಉರಿದುಹೋಯಿತು. ಅವನು ಶೇಕರ್ ತೊಳೆಯಲು ಬಗ್ಗಿದಾಗ ಕಿವಿಯ ಹತ್ತಿರ ಹೇಳಿದೆ: "ಮೊಟ್ಟೆ ಕೊಳೆತಿತ್ತು. ಮೂಸಿದ್ಯಲ್ಲ, ಗೊತ್ತಾಗ್ಲಿಲ್ವಾ?"

ಅವನು ನಲ್ಲಿ ನಿಲ್ಲಿಸಿ ನೆಟ್ಟಗೆ ನಿಂತ.

ಮತ್ತೆ ಮೊದಲಿನಿಂದ ಶುರುಮಾಡಿದ. ಬ್ರಾಂಡಿ, ನಿಂಬೆ, ಪಾಕ, ಲಿಕ್ಯೂರ್. ಈಗ ಕೈಯಲ್ಲಿ ಮೊದಲಿನ ಓಟ ಇರಲಿಲ್ಲ. ಮೊಟ್ಟೆ ಒಡೆದು ಬಟ್ಟಲನ್ನು ಹಿಡಿದುಕೊಂಡೇ ನಿಂತ, ಮೂಗಿನ ಹತ್ತಿರ ತರಲಿಲ್ಲ. ನನ್ನ ಮುಖ ನೋಡಿದ. ಏನು ಬೇಕೆಂದು ನನಗೆ ಗೊತ್ತಿತ್ತು. ನಾನು ಮೂಗು ಮುರಿದರೆ ಎಸೆಯುತ್ತಾನೆ, ಸುಮ್ಮನಿದ್ದರೆ ಹಾಕುತ್ತಾನೆ, ಯಾರಿಗೂ ಏನೂ ತಿಳಿಯುವುದಿಲ್ಲ. ಎಷ್ಟು ಸುಲಭದ ಕೆಲಸ. ನಾನು ಬೇಕೆಂದೇ ಮುಖ ತಿರುಗಿಸಿ ಬಾಟಲಿಗಳ ಸಾಲನ್ನು ನೋಡುತ್ತಾ ನಿಂತೆ. ಪರದಾಡಲಿ, ಗೊತ್ತಾಗಲಿ ಎನ್ನಿಸಿತು.

ಅವನು ಕಾದ. ನಾನು ತಿರುಗಲಿಲ್ಲ.

ಬಟ್ಟಲು ಕೌಂಟರಿನ ಮೇಲೆ ಕೂತ ಸದ್ದಾಯಿತು. "ಮೇಡಂ," ಎಂದ ಅಣ್ಣ, "ಇದು ಚೆನ್ನಾಗಿದ್ಯೋ ಕೆಟ್ಟಿದ್ಯೋ ನಂಗೆ ಗೊತ್ತಾಗಲ್ಲ. ಜ್ವರ ಬಂದಾಗಿಂದ ವಾಸನೆ ಇಲ್ಲ, ರುಚೀನೂ ಇಲ್ಲ. ಆಗ ಹಾಕಿದ್ದು ಕೊಳೆತ ಮೊಟ್ಟೆ. ಅದಕ್ಕೇ ಇವಳು ಚೆಲ್ಲಿದ್ದು. ಇವಳನ್ನ ಕಳಿಸ್ಬೇಡಿ."

ನಾನು ಗಕ್ಕನೆ ತಿರುಗಿದೆ. ಇದು ನನಗೆ ಬೇಕಿರಲಿಲ್ಲ. ಅವನು ಸ್ವಲ್ಪ ಹೊತ್ತು ಬೆವರಿದ್ದರೆ ಸಾಕಿತ್ತು.

ಅವರು ಅಣ್ಣನನ್ನೂ ನನ್ನನ್ನೂ ನೋಡಿದರು. ಆಮೇಲೆ ನನಗೆ, "ನೀನು ಮುಗಿಸು" ಎಂದರು.

ಮುಗಿಸಿದೆ. ಬಟ್ಟಲು ಮೂಸಿದೆ, ಬಿಳಿ ಚೆನ್ನಾಗಿತ್ತು. ಹಾಕಿ, ಐಸ್ ಇಲ್ಲದೆ ತೋಳು ಸೋಲುವವರೆಗೆ ಕುಲುಕಿದೆ, ಆಮೇಲೆ ಐಸ್ ಹಾಕಿ ಕುಲುಕಿದೆ. ಸ್ಟ್ರಾ ಅದ್ದಿ ರುಚಿ ನೋಡಿದೆ. ಲಿಕ್ಯೂರಿನ ರುಚಿ ಮುಂದಾಗಿತ್ತು, ಅರ್ಧ ನಿಂಬೆ ಹಿಂಡಿ ಹಿಂದಕ್ಕೆ ತಳ್ಳಿದೆ. ಸೋಸಿದಾಗ ಮೇಲೆ ನೊರೆ ದಪ್ಪಗೆ, ಬೆಳ್ಳಗೆ ಕೂತಿತು. ಅವರು ಕುಡಿದರು. ಮತ್ತೊಂದು ಗುಟುಕು ಕುಡಿದರು.

"ಇವತ್ತಿಂದ ಕೌಂಟರ್ ನಿಂದು."

"ಅಣ್ಣ?"

"ಐಸ್ ಒಡೆಯೋಕೆ, ಲೋಟ ತೊಳೆಯೋಕೆ ಒಬ್ರು ಬೇಕಲ್ಲ. ಇಷ್ಟ ಇದ್ರೆ ಇರ್ಲಿ."

ಬೇಡ ಎನ್ನಬೇಕಿತ್ತು, ಎನ್ನಲಿಲ್ಲ. ಆ ಗಳಿಗೆಯಲ್ಲಿ ನನಗೆ ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ, ಹೊಟ್ಟೆ ತುಂಬ ಸಂತೋಷವಾಗಿತ್ತು. ಅಣ್ಣ ಅದನ್ನು ನನ್ನ ಮುಖದಲ್ಲಿ ನೋಡಿದ. ಅವನ ಕಣ್ಣಿಗೇನೂ ಆಗಿರಲಿಲ್ಲವಲ್ಲ.

ಅವನು ಕೌಂಟರಿನ ನಡುವಿನಿಂದ ಸರಿದು ಸಿಂಕಿನ ಬದಿಗೆ ಬಂದ. ನಾನು ಚೆಲ್ಲಿದಾಗ ಕೌಂಟರಿಗೆ ಸಿಡಿದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಬಟ್ಟೆ ಹಿಂಡಿ ಒಣಹಾಕಿದ. ಆಮೇಲೆ, ನನ್ನ ಕಡೆ ನೋಡದೆ ಕೇಳಿದ:

"ಐಸ್ ಮುಗೀತಾ ಬಂತು. ತರ್ಲಾ?"

"ತಗೊಂಡ್ಬಾ" ಎಂದೆ.