ಮೂಗಣ್ಣನ ಕೋಳಿ ಅಂಗಡಿಗೆ ಬಂದ ಪರೀಕ್ಷೆ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೂಗಣ್ಣನ ಕೋಳಿ ಅಂಗಡಿ. ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಮಾಂಸವನ್ನು ಮೂಗಿನ ಹತ್ತಿರ ಹಿಡಿದು, ಒಮ್ಮೆ ಉಸಿರೆಳೆದು, "ತಾಜಾ ಇದೆ, ತಗೊಂಡು ಹೋಗಿ" ಎಂದರೆ ಗಿರಾಕಿಗಳಿಗೆ ಅಷ್ಟೇ ಸಾಕು.

ಅಂಥವನ ಅಂಗಡಿಗೆ ಆ ಬುಧವಾರ ಹನ್ನೊಂದು ಗಂಟೆಯಾದರೂ ಒಂದು ನರಪಿಳ್ಳೆಯೂ ಬಂದಿರಲಿಲ್ಲ.

ಕಾರಣವಿತ್ತು. ಸೋಮವಾರ ಓಣಿಯ ತುದಿಯ ಹೊಲಿಗೆ ಘಟಕದಲ್ಲಿ ಮೇಲ್ವಿಚಾರಕಿಗೆ ಬೀಳ್ಕೊಡುಗೆಯ ಊಟ. ಹೆಂಗಸರೇ ಸೇರಿ ಅಡುಗೆ ಮಾಡಿದ್ದರು. ಕೋಳಿ ಹೋದದ್ದು ಮೂಗಣ್ಣನ ಅಂಗಡಿಯಿಂದ. ಮಂಗಳವಾರ ಬೆಳಗಾಗುವಷ್ಟರಲ್ಲಿ ಹದಿನಾಲ್ಕು ಜನಕ್ಕೆ ವಾಂತಿ, ಭೇದಿ, ಜ್ವರ. ಎಲ್ಲರಿಗಿಂತ ಹೆಚ್ಚು ನರಳಿದವಳು ಅಲ್ಲೇ ಕೆಲಸಕ್ಕಿದ್ದ ಅವನ ನಾದಿನಿ. ಮೂಗಣ್ಣ ಹಳಸಿದ ಕೋಳಿ ಕೊಟ್ಟ ಎಂದು ಓಣಿಯೆಲ್ಲ ಗುಸುಗುಸು.

ಹೆಂಡತಿ ತಂಗಿಯನ್ನು ನೋಡಿಕೊಂಡು ಆಸ್ಪತ್ರೆಯಿಂದ ನೇರ ಅಂಗಡಿಗೆ ಬಂದಳು.

"ಆರೋಗ್ಯ ಇಲಾಖೆಯವರು ಬರ್ತಾರಂತೆ ರೀ. ಸೋಮವಾರದ ಕೋಳಿ ಫ್ರೀಜರ್‌ನಲ್ಲಿ ಉಳಿದಿದೆಯಲ್ಲ, ಮೊದಲು ಅದನ್ನ ಎಸೆದುಬಿಡಿ. ಇಲ್ಲದ್ದು ಮೈಮೇಲೆ ಬಂದೀತು."

ಮೂಗಣ್ಣ ಫ್ರೀಜರ್ ತೆರೆದು ಚೀಲ ಕೈಗೆತ್ತಿಕೊಂಡ. ಬಾಗಿಲವರೆಗೆ ಹೋದವನು ನಿಂತ.

"ನಿನ್ನ ತಂಗಿ ಹೇಗಿದ್ದಾಳೆ?"

"ಕಣ್ಣೇ ಬಿಡ್ತಿಲ್ಲ. ಡ್ರಿಪ್ ಹಾಕಿದ್ದಾರೆ. ಯಾವುದರಿಂದ ಹೀಗಾಯ್ತು ಅಂತ ಡಾಕ್ಟರಿಗೂ ಗೊತ್ತಾಗ್ತಿಲ್ಲ."

"ಇದನ್ನ ಎಸೆದುಬಿಟ್ಟರೆ ಅವರಿಗೆ ಗೊತ್ತಾಗೋದಾದ್ರೂ ಹೇಗೆ?"

ಹೆಂಡತಿ ಫ್ರೀಜರ್‌ನ ಬಾಗಿಲು ತೆರೆದು ಹಿಡಿದಳು. ಅವನು ಚೀಲವನ್ನು ಮತ್ತೆ ಫ್ರೀಜರ್‌ಗೆ ಹಾಕಿದ.

ಮಧ್ಯಾಹ್ನ ಆರೋಗ್ಯ ಇಲಾಖೆಯ ಪ್ರಯೋಗಾಲಯದ ಹುಡುಗಿ ಐಸ್ ಪೆಟ್ಟಿಗೆ ಹೊತ್ತು ಬಂದಳು. ಹೊಲಿಗೆ ಘಟಕದ ಫ್ರಿಜ್ಜಿನಲ್ಲಿ ಉಳಿದಿದ್ದ ಊಟದ ಚೂರುಗಳನ್ನು ಆಗಲೇ ಡಬ್ಬಿಗಳಿಗೆ ತುಂಬಿಕೊಂಡಿದ್ದಳು. ಇಲ್ಲಿ ಫ್ರೀಜರ್‌ನ ಚೀಲವನ್ನೂ ತೆಗೆದುಕೊಂಡಳು.

"ಮೇಡಂ, ವಾಸನೆ ಇಲ್ಲ, ಬಣ್ಣ ಕೆಟ್ಟಿಲ್ಲ. ನನ್ನ ಮೂಗು ಇವತ್ತಿನವರೆಗೂ ಸುಳ್ಳು ಹೇಳಿಲ್ಲ. ಅದಕ್ಕಿಂತ ನಿಮ್ಮ ಡಬ್ಬಿ ಹೆಚ್ಚಾ?" ಎಂದ ಮೂಗಣ್ಣ.

"ಹಳಸಿದ ಮಾಂಸವನ್ನ ನಿಮ್ಮ ಮೂಗು ಹಿಡಿಯುತ್ತೆ ಅಣ್ಣ, ಒಪ್ಪಿದೆ. ಆದ್ರೆ ಕಾಯಿಲೆ ತರೋ ಬ್ಯಾಕ್ಟೀರಿಯಾಕ್ಕೆ ವಾಸನೆನೂ ಇಲ್ಲ, ರುಚಿನೂ ಇಲ್ಲ. ಈಗಷ್ಟೇ ಕೊಯ್ದ ಕೋಳೀಲೂ ಇರಬಹುದು."

"ಮತ್ತೆ ನಿಮಗೆ ಹೇಗೆ ಕಾಣುತ್ತೆ?"

"ನಮ್ಮ ಕಣ್ಣಿಗೂ ಕಾಣಲ್ಲ. ಅದಕ್ಕೇ ಸಾಕ್ತೀವಿ. ಅದಕ್ಕೆ ಬೇಕಾದ ಆಹಾರ ಕೊಟ್ಟು ಬೆಚ್ಚಗೆ ಇಟ್ಟರೆ ಒಂದಿದ್ದದ್ದು ಕೋಟಿಯಾಗುತ್ತೆ. ಆಗ ತಟ್ಟೆ ಮೇಲೆ ಚುಕ್ಕೆಚುಕ್ಕೆಯಾಗಿ ಕಾಣುತ್ತೆ. ಯಾವುದು ಅಂತ ಗುರುತು ಹಿಡಿಯೋಕೆ ನಾಲ್ಕೈದು ದಿನ ಬೇಕು."

"ಕೋಳಿ ಸಾಕೋದು ಗೊತ್ತಿತ್ತು ತಾಯಿ. ರೋಗ ಸಾಕೋದು ಇವತ್ತೇ ಕೇಳಿದ್ದು!" ಎಂದ. ಎರಡು ದಿನಗಳಲ್ಲಿ ಅವನ ಹೆಂಡತಿ ನಕ್ಕದ್ದು ಅದೇ ಮೊದಲು.

ಆ ನಾಲ್ಕೈದು ದಿನ ಮೂಗಣ್ಣ ವ್ಯಾಪಾರ ಮಾಡಲಿಲ್ಲ. ಅರ್ಧ ಇಳಿಸಿದ ಶಟರ್‌ನ ಒಳಗೆ ಕುಳಿತು ದಾರಿ ನೋಡುತ್ತಿದ್ದ. ಶನಿವಾರ ನಾದಿನಿ ಚೇತರಿಸಿಕೊಂಡು ಅಕ್ಕನ ಮನೆಗೇ ಬಂದಳು. ಮೂಗಣ್ಣನಿಗೆ ಅರ್ಧ ಜೀವ ಬಂದಂತಾಯಿತು.

ಸೋಮವಾರ ಪ್ರಯೋಗಾಲಯದ ಹುಡುಗಿ ವರದಿ ಹಿಡಿದು ಅವರ ಮನೆಗೇ ಬಂದಳು.

"ಬೇಯಿಸಿದ ಕೋಳೀಲಿ ಏನೂ ಇಲ್ಲ. ಚೆನ್ನಾಗಿ ಬೆಂದಿತ್ತು. ಆದ್ರೆ ನಿಮ್ಮ ಫ್ರೀಜರ್‌ನ ಹಸಿ ಕೋಳೀಲಿ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇದೆ."

ಮೂಗಣ್ಣ ಗೋಡೆಗೆ ಒರಗಿದ. "ಹಾಗಾದ್ರೆ ನಂದೇ ತಪ್ಪು."

"ಪೂರ್ತಿ ಕೇಳಿ ಅಣ್ಣ. ಅದೇ ಬ್ಯಾಕ್ಟೀರಿಯಾ ಹಸಿ ಸೌತೆಕಾಯಿ ಹೋಳಲ್ಲೂ ಸಿಕ್ಕಿದೆ."

"ಕೋಳಿಯದ್ದು ಸೌತೆಕಾಯಿಗೆ ಹೇಗೆ ಹೋಯ್ತು?" ಎಂದಳು ಹೆಂಡತಿ.

ಮೂಲೆಯಲ್ಲಿ ಹೊದ್ದು ಕುಳಿತಿದ್ದ ನಾದಿನಿ ತಲೆ ತಗ್ಗಿಸಿದಳು. "ಅಕ್ಕಾ, ಸೌತೆಕಾಯಿ ಹೆಚ್ಚಿದ್ದು ನಾನೇ. ಕೋಳಿ ಕತ್ತರಿಸಿದ ಹಲಗೇನ ಬಟ್ಟೇಲಿ ಒರೆಸಿ, ಅದರ ಮೇಲೇ ಹೆಚ್ಚಿದೆ. ಆತುರ ಇತ್ತು. ಭಾವಾ, ನಿಮ್ಮ ಹೆಸರು ಕೆಡಿಸಿದೆ."

"ಹೆಸರು ಹಾಳಾಗಿ ಹೋಗಲಿ! ನೀನು ಎದ್ದು ಕೂತಿದ್ದೀಯಲ್ಲ, ಅದು ಸಾಕು" ಎಂದ ಮೂಗಣ್ಣ. ಕಣ್ಣು ಒದ್ದೆಯಾಗಿತ್ತು.

"ಇನ್ನೊಂದು ಮಾತು ಅಣ್ಣ" ಎಂದಳು ಹುಡುಗಿ. "ನೀವು ಆ ಚೀಲ ಎಸೆಯದೇ ಇದ್ದದ್ದಕ್ಕೆ ಕೋಳಿ ಯಾವ ಫಾರಂನಿಂದ ಬಂತು ಅಂತ ಹುಡುಕೋಕೆ ದಾರಿಯಾಯ್ತು. ಅಲ್ಲಿಂದ ಇನ್ನೂ ಎರಡು ಅಂಗಡಿಗೆ ಹೋಗಬೇಕಾಗಿದ್ದ ಕೋಳಿ ತಡೆದಿದ್ದೀವಿ. ಎಷ್ಟು ಮನೆಯವರು ಬಚಾವಾದ್ರೋ!"

ಮೂಗಣ್ಣನ ಎದೆಯ ಮೇಲಿನ ಕಲ್ಲು ಇಳಿಯಿತು. ಮರುದಿನ ಅಂಗಡಿಯ ಕತ್ತಿ, ಹಲಗೆ, ತಕ್ಕಡಿಯನ್ನೆಲ್ಲ ಹುಡುಗಿ ಹೇಳಿಕೊಟ್ಟಂತೆ ಶುಚಿ ಮಾಡಿ ಶಟರ್ ಪೂರ್ತಿ ಎತ್ತಿದ. ಮೊದಲು ಬಂದವಳು ನಿವೃತ್ತಳಾದ ಆ ಮೇಲ್ವಿಚಾರಕಿಯೇ. ಅವಳೂ ಎರಡು ದಿನ ಹಾಸಿಗೆ ಹಿಡಿದಿದ್ದವಳು.

"ಅರ್ಧ ಕಿಲೋ ಕೊಡಪ್ಪ. ಈ ಸಲ ಹಲಗೆ ಬೇರೆ ಇಟ್ಟಿದ್ದೀನಿ" ಎಂದಳು.

"ಕೋಳೀನ ನಲ್ಲಿ ಕೆಳಗೆ ತೊಳೀಬೇಡಿ ಅಮ್ಮ, ನೀರು ಸಿಡಿದು ಎಲ್ಲ ಕಡೆ ಹರಡುತ್ತೆ. ಒಳಗೆ ಕೆಂಪು ಉಳಿಯದ ಹಾಗೆ ಬೇಯಿಸಿ. ಹಸಿ ಮಾಂಸ ಮುಟ್ಟಿದ ಕೈಯನ್ನ ಸೋಪು ಹಾಕಿ ತೊಳೀರಿ" ಎಂದು ಮೂಗಣ್ಣ ಪೊಟ್ಟಣ ಕಟ್ಟಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹಸಿ ಮಾಂಸಕ್ಕೆ ಒಂದು ಹಲಗೆ, ಒಂದು ಕತ್ತಿ ಬೇರೆಯೇ ಇರಲಿ. ಹಾಲು ಕುದಿಯಲಿ, ಮೊಟ್ಟೆ, ಮಾಂಸ ಪೂರ್ತಿ ಬೇಯಲಿ. ಒಂದೇ ಊಟ ಉಂಡ ನಾಲ್ಕು ಜನಕ್ಕೆ ಒಟ್ಟಿಗೆ ಹೊಟ್ಟೆ ಕೆಟ್ಟರೆ ಆ ದಿನವೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಉಳಿದ ಊಟವನ್ನು ಯಾರೂ ತಿನ್ನದಂತೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಪರೀಕ್ಷೆಗೆಂದು ಬಂದವರನ್ನು ಕಂಡು ಹೆದರಬೇಡಿ, ಕೇಳಿದ್ದನ್ನು ಕೊಡಿ. ಅವರು ಹುಡುಕಿ ಬಂದಿರುವುದು ರೋಗವನ್ನು, ನಿಮ್ಮನ್ನಲ್ಲ.