ಇಪ್ಪತ್ತೆರಡು ಜಿಬಿ ನಿಕೊಲಿಸ್ ಅಜ್ಜ

ನಮ್ಮ ಬೆಟ್ಟದ ಊರಿನಲ್ಲಿ ಸಿಫಿಸ್ ಎಂಬ ನನಗೆ ಒಂದು ಹೆಸರಿದೆ: ಕೇಳುವುದೆಂದರೆ ಇವನ ಹಾಗೆ ಕೇಳಬೇಕು ಎಂದು. ಹಾಡಲು ನನಗೆ ಕಂಠವಿಲ್ಲ, ಪದ ಕಟ್ಟುವ ಬುದ್ಧಿಯಿಲ್ಲ. ಆದರೆ ಅಜ್ಜಿಯ ತೊಡೆಯ ಮೇಲೆ ಪದ್ಯ ಕೇಳುತ್ತ ಬೆಳೆದವನು ನಾನು. ಇಗರ್ಜಿಯಲ್ಲಿ ದೀಪ ಹಚ್ಚಿ, ಕಂಬಕ್ಕೊರಗಿ, ಕೀರ್ತನೆ ಮುಗಿಯುವವರೆಗೂ ಕಣ್ಣು ಮುಚ್ಚಿ ನಿಲ್ಲುತ್ತೇನೆ. ಆ ಮುಚ್ಚಿದ ಕಣ್ಣನ್ನು ಜನ ಭಕ್ತಿಯೆಂದು ತಿಳಿದರು. ನಾನೂ ಹಾಗೆಯೇ ತಿಳಿದಿದ್ದೆ.

ಕ್ರೀಟ್ ದ್ವೀಪದ ನಮ್ಮ ಭಾಗದಲ್ಲಿ ನಿಕೊಲಿಸ್ ಅಜ್ಜನಷ್ಟು ಪದ್ಯ ಬಾಯಿಗೆ ಬರುತ್ತಿದ್ದವರು ಬೇರೆ ಯಾರೂ ಇರಲಿಲ್ಲ. ಅವನು ಸಾಯುವುದಕ್ಕೆ ಎರಡು ತಿಂಗಳ ಮುಂಚೆ ನಾನು ಅವನೆದುರು ಕೂತು ಮೂರು ಗಂಟೆ ಹೇಳಿಸಿ, ಫೋನಿನಲ್ಲಿ ವಿಡಿಯೊ ಮಾಡಿಕೊಂಡೆ. ಅಂಥವನ ಚಿತ್ರ ಮಬ್ಬಾಗಿ ಬಂದರೆ ಅವಮಾನವೆಂದು ಎಲ್ಲಕ್ಕಿಂತ ಮೇಲಿನ ದರ್ಜೆಯನ್ನೇ ಒತ್ತಿದ್ದೆ. ಇಪ್ಪತ್ತೆರಡು ಜಿಬಿ ಆಯಿತು. ಆಮೇಲೆ ಅದನ್ನು ಒಮ್ಮೆಯೂ ನೋಡಲಿಲ್ಲ. ಎದುರಿಗೇ ಕೂತು ಕೇಳಿದವನು ಮತ್ತೆ ನೋಡುವುದೇಕೆ?

ಅಜ್ಜನ ಮಗ ಪಾವ್ಲಿಸ್ ನನ್ನ ಬಾಲ್ಯದ ಗೆಳೆಯ. ಸಮುದ್ರದಾಚೆಯ ಪಿರೇಯಸ್ ಬಂದರಿನಲ್ಲಿ ಹಡಗಿನ ಎಂಜಿನು ರಿಪೇರಿ ಮಾಡುತ್ತಾನೆ. ಆರು ವರ್ಷದ ಹಿಂದೆ ಒಂದು ಮದುವೆಯಲ್ಲಿ ಅಜ್ಜ ಪದ್ಯದ ಒಂದು ಸಾಲು ತಪ್ಪಿದ. ಪಾವ್ಲಿಸ್ ಇನ್ನೂರು ಜನರೆದುರು ಅದನ್ನು ತಿದ್ದಿಬಿಟ್ಟ. ಅಜ್ಜ ಗ್ಲಾಸು ಕೆಳಗಿಟ್ಟು ಎದ್ದುಹೋದ. ಅಲ್ಲಿಗೆ ಅಪ್ಪ ಮಗನ ಮಾತು ನಿಂತಿತು.

ಅಜ್ಜನ ಮಣ್ಣಿಗೆ ಬಂದ ಪಾವ್ಲಿಸ್ ಸ್ಮಶಾನದ ಗೇಟಿನ ಹೊರಗೇ ನಿಂತಿದ್ದ.

"ವಿಡಿಯೊ ಮಾಡಿದ್ಯಂತಲ್ಲ. ಅದ್ರಲ್ಲಿ ನನ್ನ ಬಗ್ಗೆ ಏನಾದ್ರೂ ಅಂದ್ನಾ?"

"ಇಲ್ಲ ಕಣೋ. ಒಂದಕ್ಷರ ಬಿಡದೆ ಕೇಳಿದೀನಿ. ಏನೂ ಅನ್ಲಿಲ್ಲ."

"ನೀನು ಹೇಳಿದ್ಮೇಲೆ ಮುಗೀತು," ಎಂದು ಅವನು ಅಂದೇ ಹಡಗು ಹತ್ತಿದ.

ಅಜ್ಜ ಸತ್ತ ನಲವತ್ತನೆಯ ದಿನದ ಪ್ರಾರ್ಥನೆ ಭಾನುವಾರ ಇತ್ತು. ಅದರ ಹಿಂದಿನ ಮಂಗಳವಾರ ಬೆಳಗ್ಗೆ ಅವನ ಫೋನು ಬಂತು.

"ನಾನು ಬರಲ್ಲ ಸಿಫಿಸ್. ನನ್ನ ಜೊತೆ ಮಾತೇ ಬಿಟ್ಟೋನ ಗೋರಿ ಮುಂದೆ ಯಾವ ಮುಖ ಇಟ್ಕೊಂಡು ನಿಂತ್ಕೊಳ್ಲಿ? ಇಲ್ಲೇ ಕೂತು ಅಪ್ಪನ ಧ್ವನಿ ಕೇಳ್ತೀನಿ. ಎರಡು ನಿಮಿಷದ್ದು ಕತ್ತರಿಸಿ ಕಳಿಸು, ಸಾಕು."

"ನಿಮ್ಮಪ್ಪನ ಉಸಿರಿಗೆ ಕತ್ತರಿ ಹಾಕೋದಾ? ಪಾಪ ಬರುತ್ತೆ. ಪೂರ್ತಿ ಕಳಿಸ್ತೀನಿ."

ನಿಜ ಹೇಳಬೇಕೆಂದರೆ ಕತ್ತರಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಇಮೇಲು ಆ ಫೈಲನ್ನು ಮೂಸಿಯೂ ನೋಡಲಿಲ್ಲ. ಆಮೇಲೆ ದೊಡ್ಡ ಫೈಲುಗಳನ್ನು ಇಟ್ಟುಕೊಂಡು ಲಿಂಕು ಕೊಡುವ ಒಂದು ತಾಣ ಸಿಕ್ಕಿತು. ಫೋನನ್ನು ಸಂತರ ಪಟದ ಕೆಳಗೆ, ಎಣ್ಣೆದೀಪದ ಪಕ್ಕದಲ್ಲಿ ಚಾರ್ಜಿಗಿಟ್ಟು, ಶಿಲುಬೆಯ ಗುರುತು ಹಾಕಿಕೊಂಡು ಒತ್ತಿದೆ. ಬುಧವಾರ ಬೆಳಗ್ಗೆ ಏರಿದ್ದು ಶೇಕಡಾ ನಲವತ್ತು. ಕಾಯಿಲೆಯವರ ಪಕ್ಕ ಕೂತ ಹಾಗೆ ಅದರ ಪಕ್ಕ ಕೂತೆ. ಇಂಟರ್ನೆಟ್ಟನ್ನು ಬೇರೆ ಯಾರೂ ಮುಟ್ಟಕೂಡದೆಂದು ಅಪ್ಪಣೆ ಮಾಡಿದೆ. ನನ್ನ ಹೆಂಡತಿ ಅರೆತಿಯ ಧಾರಾವಾಹಿ ನಿಂತಿತು.

"ಹಬ್ಬದ ಮುಂಚಿನ ಉಪವಾಸ ಅಂತ ಮಾಂಸ ಬಿಡು ಅಂದೆ, ಬಿಟ್ಟೆ. ಮೊಟ್ಟೆ ಬಿಡು ಅಂದೆ, ಬಿಟ್ಟೆ. ಈಗ ಇದಕ್ಕೂ ಉಪವಾಸನಾ?"

"ಎರಡು ದಿನ ತಡ್ಕೊಳ್ಳೆ."

"ಪೆನ್‌ಡ್ರೈವಲ್ಲಿ ಹಾಕಿ ಹಡಗಿಗೆ ಕೊಟ್ಟಿದ್ರೆ ಇಷ್ಟೊತ್ತಿಗೆ ಮುಟ್ಟಿರೋದು. ಒಂದಕ್ಷರ ಬಿಡದೆ ಕೇಳಿದಾನಂತೆ. ನೀನು ಕೇಳೋ ಚೆಂದ ನನಗೆ ಗೊತ್ತಿಲ್ವಾ, ಮೂವತ್ತು ವರ್ಷ ಪಕ್ಕದಲ್ಲೇ ಮಲಗಿದೀನಿ."

ಪೆನ್‌ಡ್ರೈವಿಗೆ ಹಾಕುವುದೂ ನನಗೆ ಗೊತ್ತಿರಲಿಲ್ಲವಾದ್ದರಿಂದ ಇದು ಮರ್ಯಾದೆಯ ಪ್ರಶ್ನೆ ಎಂದೆ. ಅದೇ ಸಂಜೆ ಶೇಕಡಾ ಅರವತ್ತೊಂದಕ್ಕೆ ಗುಡುಗು ಬಂದು ಕರೆಂಟು ಹೋಯಿತು. ಮರಳಿ ಬಂದಾಗ ಪರದೆಯ ಮೇಲೆ ಸೊನ್ನೆ. ನಾನು ದೀಪಕ್ಕೆ ಎಣ್ಣೆ ಹಾಕಿ, ಮತ್ತೆ ಮೊದಲಿಂದ ಒತ್ತಿದೆ.

ಶನಿವಾರ ಬೆಳಗ್ಗೆ ಎದ್ದಾಗ ಫೈಲು ಪೂರ್ತಿ ಏರಿತ್ತು. ಲಿಂಕು ಕಳಿಸಿ, ಏನೋ ಸಾಧಿಸಿದವನ ಹಾಗೆ ಊರೆಲ್ಲ ಓಡಾಡಿ ಬಂದೆ. ಮಧ್ಯಾಹ್ನ ಪಾವ್ಲಿಸ್ ಫೋನು ಮಾಡಿದ.

"ಒಂದು ಗಂಟೆ ನಲವತ್ತು ನಿಮಿಷದ ಹತ್ರ ಒಂದು ಸದ್ದು ಶುರುವಾಗುತ್ತಲ್ಲ, ಏನೋ ಅದು?"

"ಗಾಳಿ ಇರ್ಬೇಕು."

"ನಾನು ಎಂಜಿನ್ ರಿಪೇರಿಯವನು. ಸಿಲಿಂಡರ್ ಕೆಟ್ಟಿರೋ ಸದ್ದು ನನಗೆ ಗೊತ್ತಾಗುತ್ತೆ. ಅದು ನಿನ್ನ ಗೊರಕೆ."

ನಾನು ಎದ್ದು, ಅರೆತಿಗೆ ಕೇಳಿಸದ ಹಾಗೆ ಬಾಗಿಲು ಮುಚ್ಚಿದೆ.

"ಅಪ್ಪ ನಿಲ್ಲಿಸಿ ಎರಡು ಸಲ ನಿನ್ನ ಕರೀತಾನೆ. ನೀನು ಏಳಲ್ಲ. ಆಮೇಲೆ... ಆಮೇಲೆ ಆ ಮದುವೇಲಿ ತಪ್ಪಿದ ಸಾಲು ಬರುತ್ತೆ. ನಾನು ತಿದ್ದಿದ ಹಾಗೇ ಹೇಳ್ತಾನೆ ಕಣೋ. ಹೇಳಿ, 'ನನ್ನ ಪಾವ್ಲಿಸ್ ಹೇಳಿದ್ದೇ ಸರಿ. ಇವನು ಎಚ್ಚರ ಇದ್ದಿದ್ರೆ ಇದನ್ನ ಬಾಯಿಬಿಟ್ಟು ಹೇಳ್ತಿರ್ಲಿಲ್ಲ' ಅಂತಾನೆ."

ಆಚೆ ಕಡೆ ಅವನು ಬೀರು ತೆರೆದು ಚೀಲ ಎಳೆದ ಸದ್ದು ಕೇಳಿಸಿತು.

"ಇವತ್ತಿನ ಹಡಗಿಗೇ ಹತ್ತುತೀನಿ," ಎಂದ.

ಫೋನಿಟ್ಟು ಕುಳಿತೆ. ಗೇಟಿನ ಹತ್ತಿರ ನಾನು ಎಷ್ಟು ಗಟ್ಟಿಯಾಗಿ 'ಇಲ್ಲ' ಎಂದಿದ್ದೆ. ಮಗನಿಗೆ ಸೇರಬೇಕಾದ ಮಾತು ಇಷ್ಟು ದಿನವೂ ನನ್ನ ಜೇಬಿನಲ್ಲೇ ಇತ್ತು. ಕತ್ತರಿಸಲು ಬರುತ್ತಿದ್ದರೆ ಚೆಂದದ ಎರಡು ನಿಮಿಷ ಆರಿಸಿ ಕಳಿಸಿ, ಉಳಿದದ್ದನ್ನು ಅಲ್ಲಿಗೇ ಮರೆಯುತ್ತಿದ್ದೆ. ನನ್ನ ದಡ್ಡತನವೇ ಅಜ್ಜನ ಮಾತನ್ನು ಕಾಪಾಡಿತ್ತು.

ಭಾನುವಾರ ಪಾವ್ಲಿಸ್ ಗೇಟು ದಾಟಿ ಒಳಗೆ ಬಂದ. ಸತ್ತವರ ನೆನಪಿಗೆ ಹಂಚುವ ಬೇಯಿಸಿದ ಗೋಧಿಯನ್ನು ಅಂಗೈಯಲ್ಲಿ ಹಿಡಿದು, ಗೋರಿಯ ಮುಂದೆ ನಿಂತು, ಆ ಸಾಲನ್ನು ಮೆಲ್ಲಗೆ ಹೇಳಿದ. ನಾನು ಕಣ್ಣು ತೆರೆದುಕೊಂಡೇ ಕೇಳಿದೆ.

ಆಮೇಲೆ ಎಲ್ಲರೂ ಕಾಫಿ ಅಂಗಡಿಯಲ್ಲಿ ರಾಕಿ ಸಾರಾಯಿಯ ಗ್ಲಾಸು ಹಿಡಿದು ಕೂತಾಗ ಅವನ ಕಿವಿಯಲ್ಲಿ ಕೇಳಿಕೊಂಡೆ.

"ಆ ಸದ್ದಿನ ವಿಷಯ ನಮ್ಮಿಬ್ರಲ್ಲೇ ಇರ್ಲಿ ಮಾರಾಯ."

"ನಾನು ಯಾರಿಗೂ ಹೇಳಿಲ್ಲಪ್ಪ. ಅರೆತಿಗೆ ಮಾತ್ರ ಕಳಿಸಿದೆ."

"ಏನನ್ನ?"

"ಹನ್ನೆರಡು ಸೆಕೆಂಡಿಂದು. ಬರೀ ನಿನ್ನದು. ಅಪ್ಪನ ಉಸಿರಿಗೆ ಕತ್ತರಿ ತಾಗದ ಹಾಗೆ ಕತ್ತರಿಸಿದೀನಿ."

ಅದಕ್ಕೆ ದೀಪ ಬೇಕಾಗಲಿಲ್ಲ, ಉಪವಾಸ ಬೇಕಾಗಲಿಲ್ಲ. ನನ್ನ ಗ್ಲಾಸು ಖಾಲಿಯಾಗುವಷ್ಟರಲ್ಲಿ ಪಕ್ಕದ ಮೇಜಿನ ಫೋನೊಂದು ಗೊರಕೆ ಹೊಡೆಯಿತು, ಆಮೇಲೆ ಅದರ ಆಚೆಯದು, ಆಮೇಲೆ ಪಾದ್ರಿಗಳದ್ದು.